ಟೇಕನ್: ಹತ್ತು ರಾತ್ರಿ, ಮೂರು ಮನೆ, ನಾವು ಐದು ಜನ

ಮೊದಲೇ ಹೇಳಿಬಿಡ್ತೀವಿ, ನಾವು ಇದನ್ನ ನೋಡೋಕೆ ಕೂತಿದ್ದು ಏಲಿಯನ್‌ಗಳಿಗೋಸ್ಕರ. ಮೂರನೇ ಇಂಟರ್ನಲ್ಸ್ ಮುಗಿದಿತ್ತು, ಲ್ಯಾಬ್ ಎಕ್ಸಾಮಿಗೆ ಇನ್ನೂ ಹನ್ನೆರಡು ದಿನ ಇತ್ತು, ಹಾಸ್ಟೆಲ್ ವೈಫೈ ಎಂದಿನಂತೆ ಮಲಗಿತ್ತು. ಇ.ಸಿ.ಯವನ ಹಾರ್ಡ್ ಡಿಸ್ಕ್‌ನಲ್ಲಿ ಒಂದು ಹಳೇ ಫೋಲ್ಡರ್ ಇತ್ತು. ಅವನಿಗೆ ಅದನ್ನ ಕೊಟ್ಟಿದ್ದು ಪಾಸಾಗಿ ಹೋದ ಸೀನಿಯರ್, ಆ ಸೀನಿಯರ್‌ಗೆ ಕೊಟ್ಟಿದ್ದು ಅವರ ಸೀನಿಯರ್. ಒಳಗೆ ಹತ್ತು ಫೈಲು, ಹೆಸರು ‘ಟೇಕನ್’. ಲಿಯಾಮ್ ನೀಸನ್ ಫೋನಲ್ಲಿ ಬೆದರಿಕೆ ಹಾಕೋ ಸಿನಿಮಾ ಅಂದ್ಕೊಂಡು ಓಪನ್ ಮಾಡಿದ್ವಿ. ಅದಲ್ಲ. ಇದು 2002ರ ಡಿಸೆಂಬರ್‌ನಲ್ಲಿ ಅಮೆರಿಕದ ಸೈಫೈ ಚಾನೆಲ್‌ನಲ್ಲಿ ಬಂದ ಮಿನಿ ಸೀರೀಸ್. ನಿರ್ಮಾಣದ ಹಿಂದೆ ಸ್ಟೀವನ್ ಸ್ಪೀಲ್‌ಬರ್ಗ್, ಬರೆದವರು ಲೆಸ್ಲಿ ಬೋಮ್. ಹತ್ತು ಕಂತಿಗೆ ಹತ್ತು ಜನ ನಿರ್ದೇಶಕರು. ಒಂದೊಂದು ಕಂತೂ ಸುಮಾರು ಒಂದೂವರೆ ಗಂಟೆ.

ದಿನಕ್ಕೊಂದು ಕಂತು ಅಂತ ಲೆಕ್ಕ ಹಾಕಿದ್ವಿ. ಲ್ಯಾಪ್‌ಟಾಪನ್ನ ಡ್ರಾಯಿಂಗ್ ಬೋರ್ಡಿನ ಮೇಲಿಟ್ಟು, ಎರಡು ಮಂಚ ಸೇರಿಸಿ, ಐದು ಜನ. ಇಬ್ಬರು ಮೆಕ್ಯಾನಿಕಲ್, ಒಬ್ಬ ಸಿ.ಎಸ್., ಹಾರ್ಡ್ ಡಿಸ್ಕ್ ಓನರ್ ಇ.ಸಿ., ಇನ್ನೊಬ್ಬ ಸಿವಿಲ್. ಈ ಸಿವಿಲ್‌ನವನ ವಿಷಯ ಆಮೇಲೆ ಬರುತ್ತೆ. ಅವನನ್ನ ಕೇಳಿಯೇ ಬರೀತಿದೀವಿ, ಹೆಸರು ಮಾತ್ರ ಬೇಡ ಅಂದ.

ಕಥೆ 1944ರಿಂದ ಶುರುವಾಗಿ ಅದು ಪ್ರಸಾರವಾದ ಕಾಲದವರೆಗೂ ಬರುತ್ತೆ. ಮೂರು ಕುಟುಂಬ.

ಮೊದಲನೆಯದು ಕೀಸ್ ಮನೆ. ರಸೆಲ್ ಕೀಸ್ ಎರಡನೇ ಮಹಾಯುದ್ಧದ ಬಾಂಬರ್ ಪೈಲಟ್. ಯುರೋಪಿನ ಆಕಾಶದಲ್ಲಿ ನೀಲಿ ಬೆಳಕಿನ ಉಂಡೆಗಳು ಅವನ ವಿಮಾನದ ಸುತ್ತ ಸುತ್ತುತ್ತವೆ. ಬದುಕಿ ಮನೆಗೆ ಬರ್ತಾನೆ. ಬಂದ ಮೇಲೆ ರಾತ್ರಿ ನಿದ್ದೆ ಇಲ್ಲ, ಕನಸು, ಬೆವರು. ತನಗೆ ಏನಾಯ್ತು ಅಂತ ತಿಳ್ಕೊಳ್ಳೋಕೆ ಹೊರಟರೆ ಅವತ್ತು ವಿಮಾನದಲ್ಲಿದ್ದ ಜೊತೆಗಾರರು ಒಬ್ಬೊಬ್ಬರಾಗಿ ಸತ್ತಿರೋದು ಗೊತ್ತಾಗುತ್ತೆ.

ಎರಡನೆಯದು ಕ್ರಾಫರ್ಡ್ ಮನೆ. ಓವನ್ ಕ್ರಾಫರ್ಡ್ ಸೇನೆಯ ಅಧಿಕಾರಿ, 1947ರಲ್ಲಿ ರಾಸ್‌ವೆಲ್‌ನಲ್ಲಿ ಇರ್ತಾನೆ. ಬಿದ್ದ ನೌಕೆಯ ರಹಸ್ಯ ತನ್ನ ಕೈಲಿರಬೇಕು ಅನ್ನೋದೊಂದೇ ಆಸೆ, ಅದಕ್ಕೋಸ್ಕರ ಕೊಲೆಗೂ ಹೇಸಲ್ಲ.

ಮೂರನೆಯದು ಕ್ಲಾರ್ಕ್ ಮನೆ. ಟೆಕ್ಸಸ್‌ನ ಲಬ್ಬಕ್ ಊರಲ್ಲಿ ಹೋಟೆಲಲ್ಲಿ ಕೆಲಸ ಮಾಡೋ ಸ್ಯಾಲಿ. ಗಂಡ ಊರೂರು ಸುತ್ತೋನು, ಮನೇಲಿ ಇಬ್ಬರು ಮಕ್ಕಳು. ಹಿತ್ತಲ ಶೆಡ್ಡಲ್ಲಿ ಗಾಯಗೊಂಡ ಅಪರಿಚಿತನೊಬ್ಬ ಸಿಗ್ತಾನೆ. ಅವನು ಮನುಷ್ಯನಲ್ಲ. ಅವನಿಂದ ಹುಟ್ಟೋ ಮಗನೇ ಜೇಕಬ್.

ಇಷ್ಟು ಕೇಳಿದ್ರೆ ನಮ್ಮ ಅಮ್ಮಂದಿರು “ಓ, ನಮ್ಮ ಏಳೂವರೆ ಗಂಟೆ ಧಾರಾವಾಹಿ ಥರಾನೇ” ಅಂತಾರೆ. ನಿಜ ಹೇಳಬೇಕಂದ್ರೆ ಹೌದು. ಮೂರು ಮನೆ, ಗುಟ್ಟು, ಮದುವೆಯಾಚೆ ಹುಟ್ಟಿದ ಮಗು, ಅಪ್ಪನ ಪಾಪ ಮಗನ ತಲೆಗೆ. ಏಲಿಯನ್ ತೆಗೆದುಹಾಕಿದ್ರೂ ಕಥೆ ನಿಲ್ಲುತ್ತೆ. ನಮಗೆ ಅದು ಅರ್ಥ ಆಗೋಕೆ ಮೂರು ರಾತ್ರಿ ಬೇಕಾಯ್ತು.

ಮೊದಲ ಎರಡು ರಾತ್ರಿ ನಾವು ಮಾಡಿದ್ದು ಬರೀ ಜಗಳ. ಎಂಜಿನಿಯರಿಂಗ್ ಹುಡುಗರಲ್ವಾ, ಎಲ್ಲದಕ್ಕೂ ವಿವರಣೆ ಬೇಕು. ಮರುದಿನ ಲೈಬ್ರರಿಯಲ್ಲಿ ಕೂತು ಹುಡುಕಿದಾಗ ಗೊತ್ತಾಯ್ತು, ಬರೆದವರು ಸುಮ್ನೆ ಕಥೆ ಕಟ್ಟಿಲ್ಲ, ನಿಜವಾಗಿ ನಡೆದ ಘಟನೆಗಳ ಪಕ್ಕದಲ್ಲೇ ಕಥೆಯನ್ನ ನಿಲ್ಲಿಸಿದ್ದಾರೆ.

ರಸೆಲ್ ನೋಡಿದ ಬೆಳಕಿನ ಉಂಡೆಗಳನ್ನೇ ತಗೊಳ್ಳಿ. 1944ರಲ್ಲಿ ಅಮೆರಿಕದ ಪೈಲಟ್‌ಗಳು ನಿಜಕ್ಕೂ ಅಂಥವನ್ನ ವರದಿ ಮಾಡಿದ್ರು. ‘ಫೂ ಫೈಟರ್’ ಅಂತ ಹೆಸರು ಬಂದಿದ್ದು ಅವಕ್ಕೇ, ಆ ರಾಕ್ ಬ್ಯಾಂಡ್ ಹೆಸರು ತಗೊಂಡಿದ್ದು ಅಲ್ಲಿಂದ. ರಾಸ್‌ವೆಲ್‌ನಲ್ಲಿ 1947ರ ಜುಲೈ 8ರಂದು ವಾಯುನೆಲೆಯವರೇ ‘ಹಾರುವ ತಟ್ಟೆ’ ಸಿಕ್ಕಿದೆ ಅಂತ ಪ್ರಕಟಣೆ ಕೊಟ್ಟು, ಮರುದಿನದ ಹೊತ್ತಿಗೆ ಅದು ಹವಾಮಾನ ಬಲೂನು ಅಂದ್ರು. 1994ರಲ್ಲಿ ಅಮೆರಿಕದ ವಾಯುಪಡೆ ವರದಿ ಕೊಟ್ಟು, ಅದು ಪ್ರಾಜೆಕ್ಟ್ ಮೊಗಲ್ ಅನ್ನೋ ರಹಸ್ಯ ಯೋಜನೆಯ ಬಲೂನು ಅಂತ ಹೇಳಿತು. ಬಲೂನುಗಳ ಸರಕ್ಕೆ ಮೈಕ್ರೋಫೋನ್ ಕಟ್ಟಿ ಮೇಲಕ್ಕೆ ಬಿಟ್ಟು, ಸೋವಿಯತ್ ದೇಶದ ಅಣುಬಾಂಬ್ ಪರೀಕ್ಷೆಯ ಸದ್ದನ್ನ ಕೇಳಿಸಿಕೊಳ್ಳೋ ಪ್ಲಾನು. ಇ.ಸಿ.ಯವನಿಗೆ ಏಲಿಯನ್‌ಗಿಂತ ಇದೇ ಜಾಸ್ತಿ ಇಷ್ಟ ಆಯ್ತು. ಎರಡು ದಿನ ಬೇರೆ ಮಾತೇ ಆಡಲಿಲ್ಲ.

ಸ್ಯಾಲಿಯ ಊರು ಲಬ್ಬಕ್ ಕೂಡ ಸುಮ್ನೆ ಆರಿಸಿದ್ದಲ್ಲ ಅನಿಸುತ್ತೆ. 1951ರ ಆಗಸ್ಟ್ 25ರ ರಾತ್ರಿ ಅಲ್ಲಿನ ಟೆಕ್ಸಸ್ ಟೆಕ್ನಲಾಜಿಕಲ್ ಕಾಲೇಜಿನ ಮೂವರು ಪ್ರೊಫೆಸರ್‌ಗಳು ಒಬ್ಬರ ಮನೆಯ ಹಿತ್ತಲಲ್ಲಿ ಕೂತಿದ್ದಾಗ ಇಪ್ಪತ್ತು ಮೂವತ್ತು ದೀಪಗಳು ಸದ್ದಿಲ್ಲದೆ ತಲೆಮೇಲೆ ಹಾದುಹೋದವು. ನೋಡಿದವರು ಯಾರು? ಜಿಯಾಲಜಿ, ಕೆಮಿಕಲ್ ಎಂಜಿನಿಯರಿಂಗ್, ಪೆಟ್ರೋಲಿಯಂ ಎಂಜಿನಿಯರಿಂಗ್ ಮೇಷ್ಟ್ರುಗಳು. ಊರಿಗೆ ಆಗಷ್ಟೇ ಬಂದಿದ್ದ ಹೊಸ ಬೀದಿದೀಪದ ಬೆಳಕು, ಹಾರ್ತಿದ್ದ ಹಕ್ಕಿಗಳ ಬಿಳೀ ಎದೆಗೆ ಬಿದ್ದು ಹಾಗೆ ಕಂಡಿತು ಅನ್ನೋದು ಒಂದು ವಿವರಣೆ. ನಮ್ಮ ಎಚ್.ಓ.ಡಿ. ಮೂವರು ಕಾಲೇಜ್ ಟೆರೇಸ್ ಮೇಲೆ ನಿಂತು “ಅದು ಕೊಕ್ಕರೆ ಕಣ್ರೀ” “ಅಲ್ಲ ಕಣ್ರೀ” ಅಂತ ವಾದ ಮಾಡೋದನ್ನ ಕಲ್ಪಿಸಿಕೊಂಡು ಅರ್ಧ ಗಂಟೆ ನಕ್ಕಿದ್ದೀವಿ.

ಇನ್ನು ಅಪಹರಣ. ಬೆಟ್ಟಿ ಮತ್ತು ಬಾರ್ನಿ ಹಿಲ್ ಅನ್ನೋ ದಂಪತಿ 1961ರ ಸೆಪ್ಟೆಂಬರ್‌ನಲ್ಲಿ ಕೆನಡಾದಿಂದ ನ್ಯೂ ಹ್ಯಾಂಪ್‌ಶೈರ್‌ಗೆ ರಾತ್ರಿ ಕಾರಲ್ಲಿ ವಾಪಸ್ ಬರ್ತಾ ಒಂದು ಬೆಳಕು ಹಿಂಬಾಲಿಸಿತು ಅಂದ್ರು. ಮನೆ ಸೇರಿದಾಗ ಸುಮಾರು ಎರಡು ಗಂಟೆಯ ಲೆಕ್ಕವೇ ಸಿಗಲಿಲ್ಲ. ಬೋಸ್ಟನ್ನಿನ ಮನೋವೈದ್ಯ ಬೆಂಜಮಿನ್ ಸೈಮನ್ ಸಂಮೋಹನದಲ್ಲಿ ಇಬ್ಬರನ್ನೂ ಬೇರೆ ಬೇರೆ ಮಾತಾಡಿಸಿದರು. ಏಲಿಯನ್ ನೌಕೆಯೊಳಗಿನ ಪರೀಕ್ಷೆಯ ಕಥೆ ಹೊರಬಂತು. ಬೆಟ್ಟಿಯ ಕನಸುಗಳಿಂದ ಆ ಕಥೆ ಬೆಳೆದಿದೆ ಅಂತಾನೇ ವೈದ್ಯರು ತೀರ್ಮಾನಿಸಿದ್ರು. ಆದ್ರೆ ಅವರ ಭಯ ನಾಟಕ ಅಂತ ಮಾತ್ರ ಹೇಳಲಿಲ್ಲ.

ಈ ವಿಷಯ ಬಂದಾಗ ಮೆಕ್ಯಾನಿಕಲ್‌ನವನೊಬ್ಬ, “ನಂಗೂ ಆಗಿದೆ ಕಣ್ರೋ” ಅಂದ. ರಾತ್ರಿ ಎಚ್ಚರ ಆಗುತ್ತೆ, ಕೈಕಾಲು ಆಡಲ್ಲ, ಕೋಣೇಲಿ ಯಾರೋ ನಿಂತಿದಾರೆ ಅನ್ಸುತ್ತೆ, ಎದೆ ಮೇಲೆ ಭಾರ. ಸ್ಲೀಪ್ ಪ್ಯಾರಾಲಿಸಿಸ್ ಅಂತಾರೆ. ಕನಸಿನ ನಿದ್ದೆಯಲ್ಲಿ ಮೈ ಚಲಿಸದ ಹಾಗೆ ಮಿದುಳು ಸ್ನಾಯುಗಳನ್ನ ಹಿಡಿದಿಟ್ಟಿರುತ್ತೆ, ಬಿಡೋಕೆ ಮುಂಚೆ ಎಚ್ಚರ ಆಗಿಬಿಟ್ರೆ ಹೀಗಾಗುತ್ತೆ. ಅವನ ಅಜ್ಜಿ ಅದಕ್ಕೆ ದೆವ್ವ ಎದೆ ಮೇಲೆ ಕೂತಿದೆ ಅಂತ ದಿಂಬಿನ ಕೆಳಗೆ ಕತ್ತಿ ಇಡಿಸಿದ್ರಂತೆ. ಅಮೆರಿಕದ ಎಷ್ಟೋ ಅಪಹರಣದ ಕಥೆಗಳ ಹಿಂದೆ ಇದೇ ಇರಬಹುದು ಅಂತ ಸಂಶೋಧಕರು ಹೇಳ್ತಾರೆ. ನಮ್ಮೂರಲ್ಲಿ ದೆವ್ವ, ಅಲ್ಲಿ ಏಲಿಯನ್. “ವಿವರಣೆ ಗೊತ್ತಾದ ಮೇಲೆ ಭಯ ಹೋಯ್ತಾ?” ಅಂತ ಕೇಳಿದ್ವಿ. “ಇಲ್ಲ. ಕತ್ತಿ ಇಟ್ಟಾಗ ಸ್ವಲ್ಪ ಹೋಗಿತ್ತು” ಅಂದ.

ಅಮೆರಿಕದ ವಾಯುಪಡೆ ಪ್ರಾಜೆಕ್ಟ್ ಬ್ಲೂ ಬುಕ್ ಅಂತ 1952ರಿಂದ 1969ರವರೆಗೆ ಇಂಥ ವರದಿಗಳನ್ನ ಪರಿಶೀಲಿಸಿತು. ಒಟ್ಟು ಲೆಕ್ಕ 12,618, ಗುರುತು ಸಿಗದೆ ಉಳಿದದ್ದು 701. ಸಿ.ಎಸ್.ನವನು ತಕ್ಷಣ ಕ್ಯಾಲ್ಕುಲೇಟರ್ ತೆಗೆದು, “ಐದೂವರೆ ಪರ್ಸೆಂಟು, ನಾಯ್ಸ್ ಕಣೋ ಅದು” ಅಂದ. ಸಿವಿಲ್‌ನವನು ಅಲ್ಲಿವರೆಗೂ ಮಾತಾಡಿರಲಿಲ್ಲ. “ಆ ನಾಯ್ಸ್ ಒಳಗಡೆ ಇರೋರಿಗೆ ಅದು ನೂರು ಪರ್ಸೆಂಟು” ಅಂದ. ನಾವು ಅದನ್ನ ಡೈಲಾಗ್ ಅಂದ್ಕೊಂಡು ಚಪ್ಪಾಳೆ ಹೊಡೆದ್ವಿ.

ಮೂರನೇ ರಾತ್ರಿ ಹೊತ್ತಿಗೆ ಜಗಳ ನಿಂತಿತು. ಕಥೆ ಬೇರೇನೋ ಹೇಳ್ತಿದೆ ಅಂತ ಗೊತ್ತಾಯ್ತು. ಮೂರೂ ಮನೆಗಳಲ್ಲಿ ಅಪ್ಪ ಅಮ್ಮಂದಿರು ಮಕ್ಕಳಿಗೆ ಏನೋ ಒಂದನ್ನ ದಾಟಿಸ್ತಾರೆ, ಏನು ದಾಟಿಸ್ತಿದೀವಿ ಅಂತ ಅವರಿಗೇ ಗೊತ್ತಿರಲ್ಲ.

ಕ್ರಾಫರ್ಡ್ ಮನೇಲಿ ದಾಟೋದು ಹಸಿವು. ಓವನ್‌ನಿಂದ ಮಗ ಎರಿಕ್‌ಗೆ, ಎರಿಕ್‌ನಿಂದ ಮಗಳು ಮೇರಿಗೆ. ಪ್ರತಿ ತಲೆಮಾರಿಗೂ ಬುದ್ಧಿ ಜಾಸ್ತಿ, ಕರುಣೆ ಕಮ್ಮಿ. ಕೊನೆಗೆ ಮೇರಿ ತನ್ನ ಅಪ್ಪನನ್ನೇ ದಾರಿಯಿಂದ ತೆಗೆದುಹಾಕ್ತಾಳೆ. ಅಪ್ಪ ಕಲಿಸಿದ ಪಾಠವನ್ನ ಮಗಳು ಅಪ್ಪನ ಮೇಲೇ ಪ್ರಯೋಗ ಮಾಡಿದ ಹಾಗೆ. ನಮಗೆ ಇವರು ಇಷ್ಟ ಆಗದಿದ್ರೂ ಒಂದು ಕಡೆ ಚುಚ್ಚಿದರು. ಈ ಮನೆಯವರಿಗೆ ಮಗು ಅಂದ್ರೆ ಮಗು ಅಲ್ಲ, ಡೇಟಾ. ಒಂಬತ್ತು ವರ್ಷದ ಹುಡುಗಿಯನ್ನ ನೋಡಿ ಅವರಿಗೆ ಹೊಳೆಯೋದು ರೀಡಿಂಗು, ಗ್ರಾಫು, ರಿಸಲ್ಟು. ನಾವೂ ರೀಡಿಂಗ್ ತಗೊಳ್ಳೋರೇ. ಎಲ್ಲಿ ನಿಲ್ಲಿಸಬೇಕು ಅಂತ ಯಾವ ಸೆಮಿಸ್ಟರಲ್ಲೂ ಪೇಪರ್ ಇಲ್ಲ.

ಕ್ಲಾರ್ಕ್ ಮನೇಲಿ ದಾಟೋದು ಬೇರೆಯವರಂತೆ ಇಲ್ಲದಿರೋದು. ಜೇಕಬ್ ಮೃದು ಹುಡುಗ, ಎದುರಿಗಿದ್ದವರ ಮನಸ್ಸಿನೊಳಗೆ ಹೋಗಬಲ್ಲ. ಓವನ್ ಅವನನ್ನ ಎತ್ತಿಕೊಂಡು ಹೋದಾಗ ಹುಡುಗ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾನೆ, ಅಷ್ಟು ದೊಡ್ಡ ಅಧಿಕಾರಿ ಬೆವೆತುಹೋಗ್ತಾನೆ. ಆ ಪುಟ್ಟ ಜೇಕಬ್ ಆಗಿರೋದು ಆಂಟನ್ ಯೆಲ್ಚಿನ್, ಮುಂದೆ ಸ್ಟಾರ್ ಟ್ರೆಕ್ ಸಿನಿಮಾಗಳಲ್ಲಿ ಚೆಕೋವ್ ಆದವನು. ಅಣ್ಣ ಟಾಮ್ ಇನ್ನೂ ಇಷ್ಟ ಆದ. ದೊಡ್ಡವನಾದ ಮೇಲೆ ಏಲಿಯನ್ ಎಲ್ಲಾ ಬುರುಡೆ ಅಂತ ಸಾಬೀತು ಮಾಡೋದನ್ನೇ ಕೆಲಸ ಮಾಡ್ಕೋತಾನೆ. ನಾವು ಐದೂ ಜನ ಟಾಮ್ ಪಾರ್ಟಿ. ಆದ್ರೆ ಅವನ ತಮ್ಮನೇ ಅರ್ಧ ಏಲಿಯನ್! ತನ್ನ ಮನೇಲಿ ಇರೋದನ್ನ ನೋಡದೆ ಇರೋಕೆ ಅವನು ಜಗತ್ತಿಗೆಲ್ಲ ಸಾಕ್ಷಿ ಕೇಳ್ತಾ ತಿರುಗ್ತಾನೆ. ಒಪ್ಪಿಕೊಳ್ಳೋಕೆ ಅರ್ಧ ಆಯಸ್ಸು ಬೇಕಾಗುತ್ತೆ.

ಕೀಸ್ ಮನೇಲಿ ದಾಟೋದು ಭಯ, ಅದರ ಜೊತೆಗೆ ಮೌನ. ರಸೆಲ್ ತನಗಾದದ್ದನ್ನ ಹೆಂಡತಿಗೆ ಹೇಳಲಾರ. ಹೇಳಿದ್ರೆ ಹುಚ್ಚ ಅಂತಾರೆ, ಹೇಳದಿದ್ರೆ ಒಳಗೇ ಕೊಳೆಯುತ್ತೆ. ಮನೆ ಬಿಟ್ಟು ಹೋಗ್ತಾನೆ, ತಾನು ದೂರ ಇದ್ರೆ ಮಗ ಚೆನ್ನಾಗಿರ್ತಾನೆ ಅನ್ನೋ ಹಾಗೆ. ಆದ್ರೆ ಬರೋರು ಮಗ ಜೆಸ್ಸಿಯನ್ನೂ ಹುಡುಕ್ಕೊಂಡು ಬರ್ತಾರೆ. ಜೆಸ್ಸಿ ಬೆಳೆದು ವಿಯೆಟ್ನಾಂ ಯುದ್ಧಕ್ಕೆ ಹೋಗ್ತಾನೆ, ಡ್ರಗ್ಸ್ ಹಿಡೀತಾನೆ. ಆಮೇಲೆ ಅವನ ಮಗ ಚಾರ್ಲಿ. ಮೂರು ತಲೆಮಾರಿನ ಗಂಡಸರು ರಾತ್ರಿ ಕಿಟಕಿ ಕಡೆ ನೋಡ್ತಾ ಕೂತಿರ್ತಾರೆ.

ಮೂರನೇ ಕಂತು ಮುಗಿದಾಗ ಸಿವಿಲ್‌ನವನು ಎದ್ದು ಕಾರಿಡಾರಿಗೆ ಹೋದ. ಅದರಲ್ಲಿ ವಿಶೇಷ ಏನೂ ಇರಲಿಲ್ಲ. ಅವನಿಗೆ ನಮ್ಮ ಬ್ಲಾಕಲ್ಲಿ ‘ವಾಚ್‌ಮ್ಯಾನ್’ ಅಂತಾನೇ ಹೆಸರು. ಎರಡು ಗಂಟೆಗೆ ನೀರು ತರೋಕೆ ಹೋದ್ರೂ ಎಚ್ಚರ ಇರ್ತಾನೆ, ನಾಲ್ಕಕ್ಕೆ ಹೋದ್ರೂ ಇರ್ತಾನೆ. ಓದ್ತಾನೆ ಅಂದ್ಕೊಂಡಿದ್ವಿ. ಅವತ್ತು ವಾಪಸ್ ಬಂದು, “ನಮ್ಮಪ್ಪನೂ ಹಂಗೇ ಕಣ್ರೋ” ಅಂದ.

ಅವನ ಅಪ್ಪ ರಾತ್ರಿ ಎದ್ದು ಅಂಗಳದಲ್ಲಿ ಕೂರ್ತಾರಂತೆ. ಅವನಿಗೆ ನೆನಪು ಬಂದಾಗಿಂದ. ಮಳೆಗಾಲದಲ್ಲಿ ಜಗುಲಿ, ಬೇಸಿಗೇಲಿ ಅಂಗಳ. ಕೇಳಿದ್ರೆ ಅಮ್ಮ, “ನಿಮ್ಮಪ್ಪಂಗೆ ನಿದ್ದೆ ಬರಲ್ಲ ಕಣೋ, ಸುಮ್ನಿರು” ಅಂತಿದ್ರು. ಮನೇಲಿ ಕೊಡ ಎಲ್ಲಿದೆ, ಹಸು ಯಾವ ಹೊತ್ತಿಗೆ ಹಾಲು ಕೊಡುತ್ತೆ ಅನ್ನೋ ಥರ ಅದೂ ಒಂದು ಗೊತ್ತಿರೋ ವಿಷಯ. ಯಾಕೆ ಅಂತ ಯಾರೂ ಕೇಳಿರಲಿಲ್ಲ. ತನಗೂ ನಿದ್ದೆ ಬರದೆ ಹೋದಾಗ, ಅಪ್ಪನ ಮಗ ಅಲ್ವಾ ಅಂತ ಅವನೂ ಸುಮ್ಮನಾಗಿದ್ದ.

ನಡುವಿನ ಕಂತುಗಳ ಬಗ್ಗೆ ಜಾಸ್ತಿ ಬರೆಯಲ್ಲ. ಐದು, ಆರು, ಏಳು ಸ್ವಲ್ಪ ಎಳೀತಾವೆ. ಏಲಿಯನ್‌ಗಳ ಗ್ರಾಫಿಕ್ಸ್ ಇವತ್ತಿನ ಕಣ್ಣಿಗೆ ಪ್ಲಾಸ್ಟಿಕ್ ಗೊಂಬೆ. ಎರಿಕ್ ಕ್ರಾಫರ್ಡ್ ಮುಖ ನೋಡಿದ್ರೇನೇ ಕೆಟ್ಟವನು ಅಂತ ಗೊತ್ತಾಗುತ್ತೆ, ಇಷ್ಟು ಸುಲಭ ಇರಬಾರದಿತ್ತು. ಒಂದು ರಾತ್ರಿ ಇಬ್ಬರು ಮಲಗಿಬಿಟ್ಟರು. ಆದ್ರೂ ಕಥೆ ಹೇಳೋ ಆ ಪುಟ್ಟ ಹುಡುಗಿಯ ದನಿ ಬಂದ ತಕ್ಷಣ ಮತ್ತೆ ಸರಿಯಾಗಿ ಕೂರ್ತಿದ್ವಿ. ಇಡೀ ಕಥೆ ಹೇಳೋದು ಆಲಿ ಅನ್ನೋ ಹುಡುಗಿ. ತಾನು ಹುಟ್ಟೋಕೆ ಅರ್ಧ ಶತಮಾನ ಮುಂಚಿನ ಮುತ್ತಜ್ಜನ ಯುದ್ಧದಿಂದ ಶುರುಮಾಡಿ ಹೇಳ್ತಾಳೆ. ಪಾತ್ರ ಮಾಡಿದ ಡಕೋಟಾ ಫ್ಯಾನಿಂಗ್‌ಗೆ ಆಗ ಎಂಟೇ ವರ್ಷ.

ಆಲಿ ಅಂದ್ರೆ ಕೀಸ್ ಮನೆಯ ಚಾರ್ಲಿ, ಕ್ಲಾರ್ಕ್ ಮನೆಯ ಲೀಸಾ, ಇವರಿಬ್ಬರ ಮಗಳು. ಏಲಿಯನ್‌ಗಳು ಅಷ್ಟು ವರ್ಷ ಈ ಎರಡು ಮನೆಗಳ ಹಿಂದೆ ಬಿದ್ದಿದ್ದೇ ಇದಕ್ಕೆ. ಅವರು ವಿಕಾಸವಾಗ್ತಾ ವಾಗ್ತಾ ಭಾವನೆಯನ್ನೇ ಕಳ್ಕೊಂಡುಬಿಟ್ಟಿದ್ದಾರೆ, ಅದು ಮತ್ತೆ ಬೇಕು. ಅವರ ಶಕ್ತಿ, ನಮ್ಮ ಮನಸ್ಸು, ಎರಡೂ ಇರೋ ಮಗು ಬೇಕು. ಅಂದ್ರೆ ಕೀಸ್ ಮನೆಯ ಭಯ, ಕ್ಲಾರ್ಕ್ ಮನೆಯ ವಿಚಿತ್ರ, ಎರಡೂ ಸೇರಿ ಈ ಹುಡುಗಿ. ಆದ್ರೆ ಅವಳು ಬರೀ ಅದರ ಮೊತ್ತ ಅಲ್ಲ. ಕೊನೆಯ ಕಂತುಗಳಲ್ಲಿ ಸೇನೆ, ವಿಜ್ಞಾನಿಗಳು, ಏಲಿಯನ್‌ಗಳು ಎಲ್ಲರಿಗೂ ಅವಳು ಬೇಕು. ಅವಳಿಗೆ ಬೇಕಿರೋದು ಅಪ್ಪ, ಅಮ್ಮ, ಒಂದು ಮನೆ. ತಾನಿದ್ರೆ ಇವರಿಗೆ ನೆಮ್ಮದಿಯಿಲ್ಲ ಅಂತ ಗೊತ್ತಾದಾಗ ತಾನೇ ನಿರ್ಧಾರ ಮಾಡಿ ಅವರ ಜೊತೆ ಹೊರಡ್ತಾಳೆ. ಅಪ್ಪ ಅಮ್ಮ ಕೈಬಿಟ್ಟು ನಿಂತ್ಕೋತಾರೆ.

ನಮ್ಮ ಸಿ.ಎಸ್.ನವನು ಇಲ್ಲೊಂದು ಒಳ್ಳೇ ಮಾತು ಹೇಳಿದ. ಸ್ಪೀಲ್‌ಬರ್ಗ್ 1977ರಲ್ಲಿ ಮಾಡಿದ ‘ಕ್ಲೋಸ್ ಎನ್‌ಕೌಂಟರ್ಸ್’ ಸಿನಿಮಾದಲ್ಲಿ ಅಪ್ಪ ಹೆಂಡತಿ ಮಕ್ಕಳನ್ನ ಬಿಟ್ಟು ಏಲಿಯನ್ ನೌಕೆ ಹತ್ತುತ್ತಾನೆ. ತಾನೂ ಅಪ್ಪನಾದ ಮೇಲೆ, ಈಗಾಗಿದ್ರೆ ಆ ಕೊನೆ ಹಾಗೆ ಮಾಡ್ತಿರಲಿಲ್ಲ ಅಂತ ಸ್ಪೀಲ್‌ಬರ್ಗ್ ಹೇಳಿದ್ದಾರೆ. ಇಪ್ಪತ್ತೈದು ವರ್ಷ ಆದ ಮೇಲೆ ಬಂದ ಈ ಕಥೇಲಿ ನೌಕೆ ಹತ್ತೋದು ಮಗಳು, ಕೆಳಗೆ ನಿಲ್ಲೋದು ಅಪ್ಪ. ಒಂದೇ ಆಕಾಶ, ನಿಂತಿರೋ ಜಾಗ ಬೇರೆ. ಫಸ್ಟ್ ಸೆಮ್‌ಗೆ ಟ್ರಂಕು, ಹಾಸಿಗೆ ಇಳಿಸಿ, ಗೇಟಿನ ಹತ್ರ “ಊಟ ಸರಿಯಾಗಿ ಮಾಡು” ಅಂತ ಒಂದೇ ಮಾತು ಹೇಳಿ ಬಸ್ಸಿಗೆ ಹೋದ ಅಪ್ಪಂದಿರು ನಮಗೆಲ್ಲ ನೆನಪಾದ್ರು. ಯಾರೂ ಅದನ್ನ ಬಾಯಿಬಿಟ್ಟು ಹೇಳಲಿಲ್ಲ. ಮೆಸ್ಸಿನ ಅನ್ನದ ಬಗ್ಗೆ ಏನೋ ಬೈಕೊಂಡು ಲೈಟ್ ಆಫ್ ಮಾಡಿದ್ವಿ.

ಸೆಮ್ ಮುಗಿದು ರಜಕ್ಕೆ ಹೋದ್ವಿ. ಸಿವಿಲ್‌ನವನು ಎರಡನೇ ರಾತ್ರೀನೇ ಅಂಗಳಕ್ಕೆ ಹೋಗಿ ಅಪ್ಪನ ಪಕ್ಕ ಕೂತನಂತೆ. ಇಬ್ಬರೂ ಎಷ್ಟೋ ಹೊತ್ತು ಮಾತಾಡಲಿಲ್ಲ. ಆಮೇಲೆ “ಅಪ್ಪಾ, ನಿಂಗೆ ಯಾಕೆ ನಿದ್ದೆ ಬರಲ್ಲ, ಹೇಳಪ್ಪ” ಅಂದ. “ನಿಂಗ್ಯಾಕೆ ಅದೆಲ್ಲ, ಓದೋನು ನೀನು” ಅಂದ್ರು ಅಪ್ಪ. ಅವನು ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದ್ರು.

ಇವನು ಹುಟ್ಟೋಕೆ ಮುಂಚೆ ಅಪ್ಪ ಊರು ಬಿಟ್ಟು ಪೈಪ್‌ಲೈನ್ ಕೆಲಸಕ್ಕೆ ಹೋಗಿದ್ರು. ಗುಂಡಿ ತೆಗೆಯೋ ಕೆಲಸ. ಆಳುದ್ದಕ್ಕಿಂತ ಜಾಸ್ತಿ ಆಳ. ಹಿಂದಿನ ರಾತ್ರಿ ಮಳೆ ಬಂದಿತ್ತು. ಒಂದು ಪಕ್ಕದ ಮಣ್ಣು ಕುಸಿಯಿತು. ಒಳಗೆ ಇದ್ದದ್ದು ಇಬ್ಬರು, ಇವರು ಮತ್ತು ಇವರದೇ ಊರಿನ ಗೆಳೆಯ. ಇವರು ಎದೆವರೆಗೆ ಹೂತಿದ್ರು, ಎಳೆದು ತೆಗೆದ್ರು. ಗೆಳೆಯ ಪೂರ್ತಿ ಒಳಗಿದ್ದ. “ಕೂಗಿದ್ದು ಕೇಳಿಸ್ತಿತ್ತು” ಅಂದ್ರಂತೆ. ಅಷ್ಟೇ. ಅದಕ್ಕಿಂತ ಜಾಸ್ತಿ ಹೇಳಲಿಲ್ಲ. ಒಳಗೆ ಮಲಗಿದ್ರೆ ಉಸಿರು ಕಟ್ಟುತ್ತೆ, ಅದಕ್ಕೇ ಅಂಗಳ.

ಇದನ್ನ ಹಾಸ್ಟೆಲಿಗೆ ವಾಪಸ್ ಬಂದು ನಮಗೆ ಹೇಳಿದಾಗ ಅವನು ಅಳಲಿಲ್ಲ. ಟೆಕ್ಸ್ಟ್ ಬುಕ್ ತೆಗೆದು ತೋರಿಸಿದ. ಒಂದು ಘನ ಮೀಟರ್ ಮಣ್ಣು ಅಂದ್ರೆ ಒಂದೂವರೆ ಟನ್‌ಗಿಂತ ಜಾಸ್ತಿ, ಒಂದು ಸಣ್ಣ ಕಾರಿಗಿಂತ ಭಾರ. 1.5 ಮೀಟರ್‌ಗಿಂತ ಆಳದ ಗುಂಡಿಗೆ ಪಕ್ಕದ ಮಣ್ಣು ಕುಸೀದ ಹಾಗೆ ಹಲಗೆ, ಅಡ್ಡಪಟ್ಟಿ ಕೊಡಲೇಬೇಕು ಅಂತ ಐ.ಎಸ್. 3764 ಹೇಳುತ್ತೆ. ಅದಕ್ಕೆ ಶೋರಿಂಗ್ ಅಂತಾರೆ. “ಎರಡು ಮಾರ್ಕಿನ ಪ್ರಶ್ನೆ ಕಣ್ರೋ ಇದು. ಹೋದ ಸೆಮ್ ಬಂದಿತ್ತು. ನಾನು ಚಾಯ್ಸಲ್ಲಿ ಬಿಟ್ಟಿದ್ದೆ” ಅಂದ.

ಅವನ ಅಪ್ಪನನ್ನ ಯಾವ ನೀಲಿ ಬೆಳಕೂ ಎತ್ಕೊಂಡು ಹೋಗಿರಲಿಲ್ಲ. ಗುತ್ತಿಗೆದಾರ ಉಳಿಸಿದ ನಾಲ್ಕು ಹಲಗೆಯ ದುಡ್ಡು, ಅಷ್ಟೇ. ಆದ್ರೂ ರಸೆಲ್ ಕೀಸ್ ಮನೇಲಿ ನಡೆದದ್ದೇ ಈ ಮನೇಲೂ ನಡೆದಿತ್ತು. ಹೇಳದೇ ಇದ್ದದ್ದನ್ನ ಮಗ ನಿದ್ದೆಗೆಟ್ಟು ಕಲಿತಿದ್ದ.

ಹೇಳಿಕೊಂಡ ಮೇಲೆ ಅಪ್ಪನಿಗೆ ನಿದ್ದೆ ಬಂತಾ ಅಂತ ನಾವು ಆಸೆಯಿಂದ ಕೇಳಿದ್ವಿ. ಇಲ್ಲವಂತೆ. ಈಗಲೂ ಅಂಗಳದಲ್ಲೇ ಕೂರ್ತಾರೆ. ಆದ್ರೆ ಇವನು ಊರಿಗೆ ಹೋದಾಗ ಇಬ್ಬರೂ ಕೂರ್ತಾರೆ, ಮತ್ತೆ ಒಂದೊಂದು ಸಲ ಆ ಗೆಳೆಯನ ಕಥೆ ಹೇಳ್ತಾರೆ. ಸತ್ತ ದಿನದ್ದಲ್ಲ, ಅದಕ್ಕಿಂತ ಮುಂಚಿನದು. ಕಬಡ್ಡಿ ಆಡ್ತಿದ್ದದ್ದು, ಜಾತ್ರೇಲಿ ಜಗಳ ಆಡಿದ್ದು.

ಟೇಕನ್‌ಗೆ 2003ರಲ್ಲಿ ಅತ್ಯುತ್ತಮ ಮಿನಿ ಸೀರೀಸ್ ಅಂತ ಎಮ್ಮಿ ಪ್ರಶಸ್ತಿ ಬಂತು. ಈಗ ಅದನ್ನ ನೆನೆಸಿಕೊಳ್ಳೋರು ಕಮ್ಮಿ. ನಾವು ಅದನ್ನ ಮಹಾಕೃತಿ ಅಂತ ಹೇಳ್ತಿಲ್ಲ. ಆದ್ರೆ ಹತ್ತು ರಾತ್ರಿ ಒಂದೇ ಕಥೆ ನೋಡಿದ ಐದು ಜನ, ಹನ್ನೊಂದನೇ ದಿನ ತಮ್ಮ ಮನೆಗೆ ಫೋನ್ ಮಾಡೋಕೆ ಬೇರೆ ಬೇರೆ ನೆಪ ಹುಡುಕಿದ್ವಿ. ಅದಂತೂ ನಿಜ.

ಮೊನ್ನೆ ಸಿವಿಲ್‌ನವನಿಗೆ ಇಂಟರ್ನ್‌ಶಿಪ್ ಶುರುವಾಯ್ತು, ಒಳಚರಂಡಿ ಕೆಲಸದ ಸೈಟು. ಮೊದಲ ದಿನ ಸಂಜೆ ಅಪ್ಪನಿಗೆ ಫೋನ್ ಮಾಡಿದ. ಸ್ಪೀಕರಲ್ಲಿತ್ತು, ನಾವೂ ಅಲ್ಲೇ ಇದ್ವಿ. ಕೆಲಸ ಹೇಗಿದೆ, ಊಟ ಆಯ್ತಾ ಅಂತ ಏನೂ ಕೇಳಲಿಲ್ಲ ಅವರು.

“ಪಕ್ಕಕ್ಕೆ ಹಲಗೆ ಕೊಟ್ಟಿದಾರೇನೋ?” ಅಂದ್ರು.

“ಕೊಟ್ಟಿದಾರಪ್ಪ. ನಾನೇ ನಿಂತು ನೋಡ್ದೆ.”

“ಹ್ಞೂಂ. ನಾಳೆನೂ ನೋಡು.”

ಫೋಲ್ಡರ್ ಬೇಕಾದವರು ಇ.ಸಿ.ಯವನ ಹತ್ರ ಹಾರ್ಡ್ ಡಿಸ್ಕ್ ತಗೊಂಡು ಬನ್ನಿ. ಐದನೇ ಕಂತಲ್ಲಿ ನಿದ್ದೆ ಬಂದ್ರೆ ಬೈಬೇಡಿ, ದಾಟಿಸ್ಕೊಂಡು ಕೊನೇವರೆಗೂ ನೋಡಿ.